ಕೂಸಪ್ಪಜ್ಜನ ಕೆಂಪು ಕೆನ್ನೆ

ನನ್ನ ಅಜ್ಜ ಕೂಸಪ್ಪನವರ ಬಲಗೆನ್ನೆ ವರ್ಷದಲ್ಲಿ ಎರಡು ತಿಂಗಳು ಕೆಂಪಾಗಿಯೇ ಇರುತ್ತಿತ್ತಂತೆ. ನಾಚಿಕೆಯಿಂದಲ್ಲ, ಮಣ್ಣಿನಿಂದ. ಮಳೆ ಬಿಟ್ಟು ಗದ್ದೆಯಲ್ಲಿ ಪೈರು ಬಲಿಯುವಷ್ಟರಲ್ಲಿ ಎಲ್ಲರ ಮನೆಯಂಗಳವನ್ನೂ ಹೊಸತಾಗಿ ಮಾಡಬೇಕು. ಇಲ್ಲದಿದ್ದರೆ ಭತ್ತ ಬಡಿಯುವುದೆಲ್ಲಿ, ಅಡಿಕೆ ಹರಡುವುದೆಲ್ಲಿ? ಆಗ ಬೆಳ್ತಂಗಡಿಯ ನಮ್ಮ ಕಡೆಯವರು ಮಾತ್ರವಲ್ಲ, ದೂರದ ಪುತ್ತಿಗೆಯವರೂ ಅಜ್ಜನಿಗೆ ಹೇಳಿ ಕಳುಹಿಸುತ್ತಿದ್ದರು.

ಅಜ್ಜನ ಸಾಮಾನು ಹೆಚ್ಚೇನಿಲ್ಲ. ಒಂದು ಹಾರೆ, ನಾಲ್ಕು ಬುಟ್ಟಿ, ಹಗ್ಗ ಕಟ್ಟಿ ಎಳೆಯುವ ಉದ್ದದ ಹಲಗೆ, ಮಣ್ಣು ಬಡಿಯಲು ಹಿಡಿಯಿದ್ದ ಇನ್ನೊಂದು ಹಲಗೆ, ಒಂದು ಚೆಂಬು. ನಾಲ್ಕು ಬೆರಳು ದಪ್ಪಕ್ಕೆ ಮಣ್ಣು ಹರಡಿ, ನೀರು ಚಿಮುಕಿಸಿ, ಹಲಗೆ ಎಳೆದು, ಬಡಿದು, ಅದರ ಮೇಲೆ ಇನ್ನೊಂದು ಪದರ. ಕೊನೆಗೆ ಅಂಗಳದ ಮೂಲೆಯಲ್ಲಿ ಅಂಗಾತವಲ್ಲ, ಬೋರಲಾಗಿ ಮಲಗಿ, ಬಲಗೆನ್ನೆಯನ್ನು ನೆಲಕ್ಕೆ ಒತ್ತಿ, ಒಂದು ಕಣ್ಣು ಮುಚ್ಚಿ ನೋಡುವರು. ಎಲ್ಲಿ ಉಬ್ಬು, ಎಲ್ಲಿ ತಗ್ಗು ಎಂದು ಆ ಕಣ್ಣಿಗೆ ಕಾಣಿಸುತ್ತಿತ್ತು. ಅಂಗಳದ ನಡುವೆ ಚೆಂಬಿನ ನೀರು ಸುರಿದರೆ ಅದು ಎತ್ತ ಹೋಗುವುದೆಂದು ತಿಳಿಯದೆ ಸುಮ್ಮನೆ ನಿಲ್ಲಬೇಕು. ಅದು ಅಜ್ಜನ ಹಟ.

ಅರವತ್ತೊಂದರ ಮಳೆಗಾಲದಲ್ಲಿ ಪದ್ಮಯ್ಯ ಎನ್ನುವವರ ಮನೆಯ ಜಗಲಿಯವರೆಗೂ ನೀರು ಬಂತು. ಅಲ್ಲಿಯವರೆಗೆ ಮನೆಯವರೇ ವರ್ಷವೂ ಬರೀ ಸೆಗಣಿ ಸಾರಿಸಿಕೊಂಡು ಬಂದಿದ್ದ ಅಂಗಳ ತಗ್ಗಾಗಿತ್ತು. ಒಂದು ಮೊಳ ಮಣ್ಣು ತುಂಬಿಸಿ ಎತ್ತರಿಸಬೇಕೆಂದು ಪದ್ಮಯ್ಯ ಅಜ್ಜನನ್ನು ಕರೆದರು. ಹಿಂದಿನ ಗುಡ್ಡೆ ಕಡಿದು ಮಣ್ಣು ಹೊತ್ತು, ಹದಿನಾರು ದಿನ ಕೆಲಸ. ಅಜ್ಜ ಅಲ್ಲಿಯವರೆಗೆ ಮಾಡಿದ ಅಂಗಳಗಳಲ್ಲೆಲ್ಲ ಅದೇ ದೊಡ್ಡದು, ಅದೇ ಚೆಂದದ್ದು. ದಾರಿಯಲ್ಲಿ ಹೋಗುವವರು ಒಳಗೆ ಬಂದು ನೋಡಿ ಹೋದರಂತೆ.

ಆ ಮನೆಯಲ್ಲಿ ಪದ್ಮಯ್ಯನ ಅಕ್ಕ ವಾರಿಜಾಕ್ಷಿ ಇದ್ದರು. ಸಣ್ಣವರಿರುವಾಗಲೇ ಸಿಡುಬು ಬಂದು ಎರಡು ಕಣ್ಣೂ ಹೋಗಿದ್ದವು. ಆದರೆ ಮನೆಗೆ ಬೇಕಾದ ನೀರನ್ನೆಲ್ಲ ಬಾವಿಯಿಂದ ಸೇದಿ ತರುತ್ತಿದ್ದವರು ಅವರೇ. ಆ ಹದಿನಾರು ದಿನವೂ, ಅಜ್ಜ ಅಂಗಳದ ಯಾವ ಮೂಲೆಯಲ್ಲಿದ್ದರೂ ಬಡಿಯುವ ಸದ್ದು ಕೇಳಿಯೇ ಹತ್ತಿರ ಬಂದು ಬೆಲ್ಲ, ನೀರು ಕೊಡುತ್ತಿದ್ದರು.

ಅಂಗಳ ಮುಗಿದ ಮೂರನೇ ದಿನ ಅಜ್ಜ ಸೆಗಣಿ ಸಾರಿಸಿದ್ದು ಸರಿಯಾಗಿ ಒಣಗಿದೆಯೋ ಎಂದು ನೋಡಲು ಹೋದರು. ಬೆಲ್ಲ, ನೀರು ತಂದದ್ದು ಪದ್ಮಯ್ಯನ ಹೆಂಡತಿ. ವಾರಿಜಾಕ್ಷಿ ಅಕ್ಕ ಜಗಲಿಯ ಕಂಬ ಹಿಡಿದು ನಿಂತಿದ್ದರು. ಒಂದು ಕಾಲು ಕೆಳಗಿಟ್ಟು, ಮತ್ತೆ ಮೇಲಕ್ಕೆ ತೆಗೆದುಕೊಂಡರು. ಅಜ್ಜ ಅದನ್ನು ನೋಡಿದರು.

"ಎಂತಕ್ಕ, ಕೆಳಗೆ ಇಳಿಯುದಿಲ್ವಾ?"

"ಎಲ್ಲಿಗೆ ಇಳಿಯುದು ಮಾರಾಯ? ನೀನು ಮಾಡಿದ್ದು ಅಂಗಳ ಅಲ್ಲ, ಸಮುದ್ರ. ಎಲ್ಲಿ ಕಾಲಿಟ್ಟರೂ ಒಂದೇ ಹಾಗೆ ಉಂಟು."

ಮೊದಲಿನ ಅಂಗಳದಲ್ಲಿ ಮೆಟ್ಟಿಲಿಳಿದು ಏಳು ಹೆಜ್ಜೆಗೆ ಒಂದು ತಗ್ಗು, ಅದು ದಾಟಿದರೆ ಹಲಸಿನ ಬೇರು, ಬೇರಿನಿಂದ ಎಡಕ್ಕೆ ತಿರುಗಿದರೆ ಬಾವಿ. ಮೂವತ್ತು ವರ್ಷದಿಂದ ಅವರ ಪಾದಕ್ಕೆ ಗೊತ್ತಿದ್ದ ಗುರುತುಗಳೆಲ್ಲ ಅಜ್ಜ ಹಾಕಿದ ಮಣ್ಣಿನಡಿ ಹೋಗಿದ್ದವು. ಹಿಂದಿನ ದಿನ ಬಾವಿಗೆಂದು ಹೊರಟವರು ಗೊಬ್ಬರದ ಗುಂಡಿಯ ಬಾಯಿಯಲ್ಲಿ ನಿಂತಿದ್ದರಂತೆ. ಹೆದರಿದ ಪದ್ಮಯ್ಯ, ಇನ್ನು ನೀರು ಸೇದುವುದೇ ಬೇಡ ಎಂದುಬಿಟ್ಟಿದ್ದರು. ಬೇಕಾದರೆ ಬಾವಿಯವರೆಗೆ ಹಗ್ಗ ಕಟ್ಟಿಸುತ್ತೇನೆ ಎಂದೂ ಹೇಳಿದ್ದರು.

"ಹಗ್ಗ ಹಿಡಿದು ಹೋಗ್ಲಿಕ್ಕೆ ನಾನೆಂತ ದನವಾ?" ಎಂದರು ಅಕ್ಕ. ಹಿಡಿದಿದ್ದ ಕಂಬವನ್ನು ತಟ್ಟಿ, "ನೀರು ತರುದೊಂದು ಇತ್ತು ನನಗೆ. ಅದೂ ಇಲ್ಲದಿದ್ರೆ ಈ ಕಂಬಕ್ಕೂ ನನಗೂ ಎಂತ ವ್ಯತ್ಯಾಸ ಹೇಳು" ಎಂದರು.

ಅಜ್ಜ ಬೆಲ್ಲವನ್ನು ಹಾಗೆಯೇ ಜಗಲಿಯಲ್ಲಿಟ್ಟು ಮನೆಗೆ ಹೊರಟರು.

ಮರುದಿನ ಬೆಳಿಗ್ಗೆಯೇ ಅಜ್ಜ ಹಾರೆ, ಬುಟ್ಟಿ ಹಿಡಿದು ಅಲ್ಲಿ ಹಾಜರು. ಮೆಟ್ಟಿಲಿನ ಬುಡದಿಂದ ಬಾವಿಯ ಕಟ್ಟೆಯವರೆಗೆ, ಒಂದು ಮೊಳ ಅಗಲಕ್ಕೆ, ನುಣುಪಾದ ನೆಲವನ್ನು ಕೆರೆದು ಒರಟು ಮಾಡಿದರು. ಹೊಸ ಮಣ್ಣು ಕಚ್ಚಿ ಹಿಡಿಯಬೇಕಲ್ಲ. ತೋಟದಲ್ಲಿದ್ದ ಪದ್ಮಯ್ಯ ಸದ್ದು ಕೇಳಿ ಓಡಿ ಬಂದರು. ಇಷ್ಟು ಚೆಂದದ ಅಂಗಳಕ್ಕೆ ನಡುವಿನಲ್ಲಿ ದಿಬ್ಬ ಹಾಕುವುದುಂಟೇ, ನಾಳೆ ಬಂದು ನೋಡುವವರು ಕೂಸಪ್ಪನಿಗೆ ಕಣ್ಣು ಮಂಜಾಯಿತು ಎಂದು ಆಡಿಕೊಂಡಾರು, ಆಮೇಲೆ ಯಾರು ಕರೆದಾರು ಎಂದೆಲ್ಲ ಹೇಳಿದರು.

ಅಜ್ಜ ಹಾರೆ ನಿಲ್ಲಿಸಲಿಲ್ಲ. "ಆಡಿಕೊಳ್ಳಲಿ ಪದ್ಮಯ್ಯಣ್ಣ. ಅವರೇನು ಇಲ್ಲಿ ನೀರು ಸೇದ್ಲಿಕ್ಕೆ ಬರುದಿಲ್ಲ."

ಎರಡು ಬೆರಳು ಎತ್ತರದ, ಆನೆಯ ಬೆನ್ನಿನ ಹಾಗೆ ಎರಡೂ ಬದಿಗೆ ಇಳಿಯುವ ಒಂದು ದಿಬ್ಬ. ಬಡಿದು ಗಟ್ಟಿ ಮಾಡಿದ ಮೇಲೆ ಅಜ್ಜ ಕಣ್ಣು ಮುಚ್ಚಿ ತಾನೇ ಅದರ ಮೇಲೆ ನಡೆದು ನೋಡಿದರು. ಐದನೇ ಹೆಜ್ಜೆಗೆ ದಾರಿ ತಪ್ಪಿ ತುಳಸಿಕಟ್ಟೆಗೆ ಮೊಣಕಾಲು ಬಡಿಯಿತು. ಜಗಲಿಯಲ್ಲಿದ್ದ ಅಕ್ಕ ಸದ್ದು ಕೇಳಿ ನಕ್ಕರು. ಮೂರು ದಿನದಲ್ಲಿ ಅದೇ ಮೊದಲ ನಗು.

ಆಮೇಲೆ ಅಕ್ಕ ಇಳಿದರು. ಬರಿಗಾಲು ದಿಬ್ಬವನ್ನು ತಡವಿತು, ಗುರುತು ಹಿಡಿಯಿತು, ಹೊರಟಿತು. ಅರ್ಧ ದಾರಿಯಲ್ಲಿ ನಿಂತರು.

"ಕೂಸಪ್ಪ, ಇಲ್ಲಿ ಅರ್ಧ ಬೆರಳು ತಗ್ಗಿದೆಯಲ್ಲ?"

ಅಜ್ಜ ಒಪ್ಪಲಿಲ್ಲ. ತನ್ನ ಕೆಲಸದಲ್ಲಿ ತಗ್ಗೇ? ಅಲ್ಲೇ ಬೋರಲು ಮಲಗಿ, ಕೆನ್ನೆ ನೆಲಕ್ಕೆ ಒತ್ತಿ ನೋಡಿದರು. ತಗ್ಗಿತ್ತು.

ಅಜ್ಜ ಎದ್ದು ಒಂದು ಬೊಗಸೆ ಮಣ್ಣು ಹಾಕಿ ಬಡಿಯುವಷ್ಟರಲ್ಲಿ, ಬಾವಿಯ ರಾಟೆಯ ಸದ್ದು ಕೇಳಿತು. ಅಕ್ಕ ತುಂಬಿದ ಕೊಡವನ್ನು ಒಳಗಿಟ್ಟು, ಬೆಲ್ಲ, ನೀರು ಹಿಡಿದು ನೇರ ಅಜ್ಜನಲ್ಲಿಗೆ ಬಂದರು. "ಮೊದಲು ಕೆನ್ನೆಯ ಮಣ್ಣು ಒರೆಸಿಕೋ, ಮತ್ತೆ ಕುಡಿ" ಎಂದರು.

ಮರುವರ್ಷದಿಂದ ಆ ಮನೆಯಲ್ಲಿ ಅಂಗಳ ಮುಗಿದ ಕೂಡಲೇ ಅಜ್ಜ ಅಕ್ಕನನ್ನೇ ಕರೆಯುತ್ತಿದ್ದರು. ಅಕ್ಕ ಮೂಲೆಯಿಂದ ಮೂಲೆಗೆ ನಡೆದು ಎಲ್ಲಿ ತಗ್ಗೆಂದು ಹೇಳುವರು, ಅಜ್ಜ ಬುಟ್ಟಿ ಹಿಡಿದು ಹಿಂದೆಯೇ ಹೋಗುವರು. ನನ್ನ ಅಜ್ಜಿ ಪೂವಮ್ಮ ಇದನ್ನು ಹೇಳುವಾಗಲೆಲ್ಲ ಕೊನೆಗೆ ಹೀಗೆನ್ನುವುದುಂಟು: "ನಿನ್ನ ಅಜ್ಜ ಕೆನ್ನೆಗೆ ಮಣ್ಣು ಮಾಡಿಕೊಳ್ಳದೆ ಕೆಲಸದಿಂದ ಬರ್ತಾ ಇದ್ದದ್ದು ಅದೊಂದೇ ಮನೆಯಿಂದ."