ಬೆರಳಿಗೆ ಸಿಕ್ಕ ತುತ್ತು

ಮೂರು ವರ್ಷಗಳ ಹಿಂದೆ ನಾನು ಬಾಗಲಕೋಟೆಯ ವಿದ್ಯಾಗಿರಿಯ ಪುನಶ್ಚೇತನ ಕೇಂದ್ರವೊಂದರಲ್ಲಿ ಡಯಟೀಷಿಯನ್ ಆಗಿದ್ದೆ. ನುಂಗಲು ಕಷ್ಟಪಡುವವರಿಗೆ ಊಟ ತಯಾರಿಸಲೆಂದು ಅಲ್ಲಿಗೆ ಫುಡ್ ಪ್ರಿಂಟರ್ ಬಂದಿತ್ತು. ನುಣ್ಣಗೆ ರುಬ್ಬಿದ ಆಹಾರವನ್ನು ದೊಡ್ಡ ಸಿರಿಂಜಿಗೆ ತುಂಬಿದರೆ, ಕಂಪ್ಯೂಟರ್ ಹೇಳಿದ ಆಕಾರಕ್ಕೆ ಎಳೆ ಎಳೆಯಾಗಿ ಪೇರಿಸುವ ಯಂತ್ರ. ಶಾವಿಗೆ ಮಷೀನಿಗೆ ಓದು ಬರಹ ಕಲಿಸಿದ್ದಾರೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದೆ. ಅದನ್ನು ನಡೆಸಬಲ್ಲವಳು ನಾನೊಬ್ಬಳೇ. ಆ ಜಂಬ ಈಗಲೂ ಹೋಗಿಲ್ಲ.

ಆಗ ಬಂದವರು ಕಲಾದಗಿಯ ಶಿವಪ್ಪ, ಚಿಕ್ಕು ತೋಟದ ಯಜಮಾನರು. ಪಾರ್ಶ್ವವಾಯು ಬಡಿದು ಗಂಟಲು ಸೋತಿತ್ತು; ಬಲಗೈ ಮಾತ್ರ ಗಟ್ಟಿಯಾಗಿತ್ತು. ರೊಟ್ಟಿ, ನೀರು ಎರಡೂ ಶ್ವಾಸನಾಳಕ್ಕೆ ಜಾರುವ ಅಪಾಯ. ಸೊಸೆ ಸುಮಂಗಲಾ ಎಲ್ಲವನ್ನೂ ಮಿಕ್ಸಿಗೆ ಹಾಕಿ ಚಮಚದಲ್ಲಿ ಹಿಡಿದರೆ ಶಿವಪ್ಪನವರು ತುಟಿ ಬಿಗಿಯುತ್ತಿದ್ದರು. ತೂಕ ಇಳಿಯುತ್ತಲೇ ಇತ್ತು. ಹದಿನೈದು ದಿನದೊಳಗೆ ಬಾಯಿಂದ ಸಾಕಷ್ಟು ಉಣ್ಣದಿದ್ದರೆ ಹೊಟ್ಟೆಗೇ ನಳಿಕೆ ಹಾಕುವುದಾಗಿ ಡಾಕ್ಟರು ಹೇಳಿಬಿಟ್ಟಿದ್ದರು.

ನಾನು ಹುರುಪಿನಿಂದ ಕೂತೆ. ಜೋಳದ ನುಚ್ಚು ಬೇಯಿಸಿ, ರುಬ್ಬಿ, ಸೋಸಿ ದುಂಡನೆಯ ರೊಟ್ಟಿ ಮುದ್ರಿಸಿದೆ. ಎಣ್ಣೆಗಾಯಿ ಬದನೆಗೆ ತೊಟ್ಟನ್ನೂ ಮೂಡಿಸಿದೆ. ಇಡೀ ಕೇಂದ್ರ ಬಂದು ಫೋಟೊ ತೆಗೆದುಕೊಂಡಿತು. ತಟ್ಟೆ ನೋಡಿ ಶಿವಪ್ಪನವರ ಮುಖ ಅರಳಿತು. ಕೈ ಚಾಚಿ ರೊಟ್ಟಿ ಮುರಿಯಹೋದರು. ಅದು ಬೆರಳಿಗೆ ಮೆತ್ತಿಕೊಂಡು ಕುಸಿಯಿತು. ಸುಮಂಗಲಾ ಗಡಬಡಿಸಿ ಚಮಚ ಎತ್ತಿದಳು.

"ಒಯ್ರಿ ಅದನ್ನ," ಎಂದರು ತೊದಲುತ್ತ. "ಕೈ ಐತಿ ನನಗ. ಕೂಸಿಗೆ ಉಣಿಸಿದ್ಹಂಗ ಉಣಿಸಬ್ಯಾಡ್ರಿ."

ನನಗೆ ಕೆಂಡದಂಥ ಸಿಟ್ಟು ಬಂತು, ಅವರ ಮೇಲೆ, ಯಂತ್ರದ ಮೇಲೆ. ಸಿಟ್ಟು ಇಳಿದ ಮೇಲೆ ಕಣ್ಣು ತೆರೆಯಿತು. ಊಟದ ಹದ ನೋಡಲು ನಾವು ಮಾಡುತ್ತಿದ್ದ ಪರೀಕ್ಷೆಗಳೆಲ್ಲ ಚಮಚ, ಫೋರ್ಕಿನವು. ತುತ್ತನ್ನು ಬೆರಳಲ್ಲಿ ಎತ್ತಿ ನೋಡಬೇಕೆಂದು, ದಿನಾ ಕೈಯಲ್ಲೇ ಉಣ್ಣುವ ನಮಗ್ಯಾರಿಗೂ ಹೊಳೆದಿರಲಿಲ್ಲ.

ಮರುದಿನದಿಂದ ಇಡೀ ರೊಟ್ಟಿಯ ಶೋಕಿ ಬಿಟ್ಟು, ಒಂದೊಂದು ತುತ್ತಿನಷ್ಟು ತುಣುಕು ಮುದ್ರಿಸಿದೆ. ಗಟ್ಟಿಗೊಳಿಸುವ ಪುಡಿ ಹೆಚ್ಚಾದರೆ ಅಂಟಾಗುತ್ತಿತ್ತು, ಕಡಿಮೆಯಾದರೆ ಕುಸಿಯುತ್ತಿತ್ತು. ಬೆರಳಲ್ಲಿ ನಿಲ್ಲಬೇಕು, ನಾಲಿಗೆ ಒತ್ತಿದೊಡನೆ ಕರಗಬೇಕು. ಆ ಹದ ಕೈಗೆ ಸಿಗುವ ಹೊತ್ತಿಗೆ ಡಾಕ್ಟರ ಗಡುವು ಮುಗಿಯುತ್ತ ಬಂದಿತ್ತು. ನುಂಗುವಿಕೆ ನೋಡಿಕೊಳ್ಳುವ ಥೆರಪಿಸ್ಟ್ ಪರೀಕ್ಷಿಸಿ ಒಪ್ಪಿದ ಮೇಲೆ ತಟ್ಟೆ ಹೊತ್ತು ಹೋದೆ.

ಶಿವಪ್ಪನವರು ನೆಟ್ಟಗೆ ಕೂತು ಒಂದು ತುಣುಕು ಎತ್ತಿದರು. ಎಣ್ಣೆಗಾಯಿಗೆ ಒತ್ತಿ ಬಾಯಿಗಿಟ್ಟರು. ಗಂಟಲು ಮೆಲ್ಲನೆ ಏರಿ ಇಳಿಯಿತು. ಕೆಮ್ಮು ಬರಲಿಲ್ಲ. ಎರಡನೆಯದನ್ನೂ ಉಂಡರು. ಸುಮಂಗಲಾ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು, ನನ್ನ ಕಣ್ಣೂ ತುಂಬಿತ್ತು. ಅಷ್ಟರಲ್ಲಿ ಅವರು ತಟ್ಟೆ ಸರಿಸಿಬಿಟ್ಟರು. ನನ್ನ ಜೀವ ಬಾಯಿಗೆ ಬಂತು.

"ಯವ್ವಾ, ಇವರಿಗೂ ಒಂದು ತಾಟ ಹಚ್ಚು," ಎಂದರು ಸೊಸೆಗೆ. "ಬಂದವ್ರನ್ನ ನಿಂದರಿಸಿ ಒಬ್ಬನ ಉಂಡಾಂವಲ್ಲ ನಾ."

ಎದುರು ಕೂತು ಅವರೊಂದಿಗೆ ಅದೇ ಊಟ ಉಂಡೆ. ಸಾಕೆಂದರೂ ಬಿಡದೆ ಇನ್ನೊಂದು ತುಣುಕು ಹಾಕಿಸಿದರು.

ಅವರು ದಿನಾ ಹೀಗೇ ಉಣ್ಣತೊಡಗಿದ್ದನ್ನು ನೋಡಿ ನಳಿಕೆ ಬೇಡವೆಂದು ಡಾಕ್ಟರು ಹೇಳಿದ ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಅಷ್ಟು ಹೆಮ್ಮೆ ನನಗೆ ಯಾವ ಪದವಿಯಿಂದಲೂ ಬಂದಿಲ್ಲ. ಗಂಟಲಿಗೆ ಇಳಿಯುವ ಊಟ ಮಾಡಿಕೊಡುವುದು ನನ್ನ ವೃತ್ತಿಯ ಅರ್ಧ ಕೆಲಸ. ಉಣ್ಣುವವರು ತಲೆಯೆತ್ತಿ, ಎದುರಿಗೆ ನಿಂತವರಿಗೆ "ನೀವೂ ಉಣ್ರಿ" ಎನ್ನುವಂತಾದಾಗಲೇ ಉಳಿದರ್ಧ ಮುಗಿಯುವುದು.