ಟೈಪಿಂಗ್ ಮೇಡಂ ಅರ್ಧ ಬರೆದ ಪರೀಕ್ಷೆ

ಮೊನ್ನೆ ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತ, ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿಯ ಮುಂದೆ ನಿಂತಿದ್ದೆ. ಒಳಗಿನಿಂದ ಮೆಷಿನ್ ಎಣ್ಣೆಯ ವಾಸನೆ ಬಂತು. ಕೊಟ್ಟೂರಿನ ಟೈಪಿಂಗ್ ಮೇಡಂ ನೆನಪಾದರು. ಅವರ ಟೈಪ್‌ರೈಟರುಗಳಿಗೂ ಇದೇ ಎಣ್ಣೆ ಹಾಕುತ್ತಿದ್ದರು ಎಂದುಕೊಂಡೆ. ಇದೇ ಹೌದೋ ಅಲ್ಲವೋ... ಹೋಲಿಸಿ ನೋಡಲು ನನ್ನ ಬಳಿ ಏನೂ ಉಳಿದಿಲ್ಲ.

ಹೈಸ್ಕೂಲು ಮುಗಿದ ಬೇಸಿಗೆಯಲ್ಲಿ ಅವರ ಇನ್‌ಸ್ಟಿಟ್ಯೂಟಿನಲ್ಲಿ ಟೈಪಿಂಗ್ ಕಲಿತಿದ್ದೆ. ಮುಂದೆ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಓದಿ, ಯಾವ ಕೆಲಸದಲ್ಲೂ ನಿಲ್ಲದೆ, ಕೂಡ್ಲಿಗಿಯಲ್ಲಿ ಕೂತು ಯಾರ್ಯಾರಿಗೋ ವೆಬ್‌ಸೈಟು ಮಾಡಿಕೊಡುತ್ತಿದ್ದಾಗ ಅವರ ಫೋನ್ ಬಂತು. ಶಿಕ್ಷಕರ ಪರೀಕ್ಷೆಗೆ ಓದುವ ಹೆಣ್ಣುಮಕ್ಕಳಿಗೆ ಅವರು ಅಭ್ಯಾಸ ಪರೀಕ್ಷೆ ನಡೆಸುತ್ತಿದ್ದರು. ಮದುವೆಯಾಗಿ ಹೊಸಹಳ್ಳಿ, ಉಚ್ಚಂಗಿದುರ್ಗದ ಕಡೆ ಇರುವವರು ದಿನಾ ಕೊಟ್ಟೂರಿಗೆ ಬರಲಾರರು. ಅವರೆಲ್ಲ ಮನೆಯಿಂದಲೇ ಫೋನಿನಲ್ಲಿ ಬರೆಯುವಂತಾಗಬೇಕಿತ್ತು.

ಮಾಡಿಕೊಟ್ಟೆ. ಸ್ವಲ್ಪ ದಿನಕ್ಕೇ ತಕರಾರು ಬಂತು. ಹೊಸಹಳ್ಳಿಯ ಒಂದು ಮನೆಯಲ್ಲಿ ಇದ್ದದ್ದು ಒಂದೇ ಫೋನು. ಸೊಸೆಯೂ, ಅವಳ ಜೊತೆ ಮೇಡಂ ಸೇರಿಸಿಕೊಂಡಿದ್ದ ಮೈದುನನೂ ಅದರಲ್ಲೇ ಬರೆಯಬೇಕು. ಅವಳು ಬರೆಯುತ್ತಿರುವಾಗ ಅವನು ಫೋನ್ ಇಸಿದುಕೊಂಡು ತನ್ನ ಹೆಸರು ಹಾಕಿದರೆ, ಅವಳು ಬರೆದಷ್ಟೂ ಅಳಿಸಿಹೋಗುತ್ತಿತ್ತು. ಮತ್ತೆ ಫೋನ್ ಕೈಗೆ ಬಂದಾಗ ಅವನ ಹೆಸರಿನ ಪುಟವೇ ತೆರೆದಿರುತ್ತಿತ್ತು. ಅವಳು ಅದರಲ್ಲೇ ಬರೆದುಬಿಡುತ್ತಿದ್ದಳು.

“ಬರದಾಕಿ ಆಕಿ, ಮಾರ್ಕ್ಸ್ ಬಂದಿದ್ದು ಅವಂಗ,” ಎಂದರು ಮೇಡಂ. “‘ನೀನು ಓದೋದಿಲ್ಲ ಬರಿಯೋದಿಲ್ಲ, ನಿನಗ್ಯಾಕ ಫೋನು’ ಅಂತ ಮನ್ಯಾಗ ಕಸಗೊಂಡಾರ. ಹಿಂಗಾದ್ರ ಆಕಿ ಓದು ಮುಗೀತು. ಏನು ಮಾಡ್ತಿಯಪ್ಪ ಇದಕ್ಕ?”

ಲ್ಯಾಪ್‌ಟಾಪ್ ಹಿಡಿದು ಕೊಟ್ಟೂರಿಗೆ ಹೋದೆ. ಹೆಸರು ಹೇಳಿ ಒಳಗೆ ಬಂದವರು ಯಾರೆಂದು, ಅವರು ಹೊರಡುವ ತನಕ ಗುರುತಿಟ್ಟುಕೊಳ್ಳುವುದಕ್ಕೆ ಸೆಷನ್ ಎನ್ನುತ್ತಾರೆ. ಆ ಒಂದೇ ಕೆಲಸಕ್ಕೆ ಬೇರೆಯದೇ ಒಂದು ಸಣ್ಣ ಪ್ರೋಗ್ರಾಂ, ಒಂದು ಮೈಕ್ರೋಸರ್ವೀಸ್ ಕಟ್ಟೋಣ ಎಂದೆ.

“ಬಾಗಿಲ ಕಾಯೋ ಮುದುಕನ್ನ ಇಡೋಣ ಅಂತಿ,” ಎಂದು ನಕ್ಕರು. ಆಮೇಲೆ ಹೇಳಿದರು: “ನಮ್ಮ ಮನ್ಯಾಗ ಇನ್ನೊಬ್ರು ಬಂದ್ರ, ಕುಂತವ್ರನ್ನ ಎಬ್ಬಿಸಿ ಹೊರಗ ಹಾಕ್ತೀವೇನು? ಸರದು ಜಾಗ ಕೊಡ್ತೀವಿ. ನಿನ್ನ ಮುದುಕಗ ಅಷ್ಟು ಕಲಸು.”

ನಾನು ಒಪ್ಪಲಿಲ್ಲ. ಹಾಗೆ ಬಿಟ್ಟರೆ ಅವಳ ಹೆಸರಿನಲ್ಲಿ ಯಾರು ಬೇಕಾದರೂ ಬರೆಯಬಹುದು ಎಂದು ವಾದಿಸಿದೆ. ಚಹಾ ಆರಿ ತಣ್ಣಗಾಯಿತು. ಕೊನೆಗೆ ಇಬ್ಬರ ಮಾತೂ ಸೇರಿತು. ಇನ್ನೊಬ್ಬರು ಬಂದರೆ ಮೊದಲಿನವರ ಸೆಷನ್ ಅಳಿಯುವುದಿಲ್ಲ, ಬರೆದಷ್ಟರ ಸಮೇತ ಪಕ್ಕಕ್ಕೆ ಸರಿದು ಕೂರುತ್ತದೆ. ಅವರು ತಮ್ಮ ಪಿನ್ ಒತ್ತಿದರೆ ಮಾತ್ರ ನಿಂತಲ್ಲಿಂದ ಮತ್ತೆ ಶುರು. ಅದು ಎಷ್ಟು ದಿನ ಕಾಯಬೇಕು ಎಂದು ನಾನು ಕೇಳಿದಾಗ, “ಬರೋ ಮಟ ಇಡು,” ಅಂದರು. ಅಂದರು ಎಂದು ನನ್ನ ನೆನಪು.

ಹೊಸಹಳ್ಳಿಯ ಸೊಸೆಯ ಮಾರ್ಕ್ಸು ಅವಳ ಹೆಸರಿನಲ್ಲೇ ಬರತೊಡಗಿತು. ಸಂಜೆಯ ಹೊತ್ತು ಫೋನು ಅವಳ ಕೈಗೆ ಸಿಗತೊಡಗಿತು. ಆ ಸುದ್ದಿ ಹೇಳುವಾಗಲೇ ಮೇಡಂ ದನಿ ಕುಗ್ಗಿತ್ತು. ದಾವಣಗೆರೆಯ ಆಸ್ಪತ್ರೆಗೆ ಓಡಾಟ ಶುರುವಾಗಿದೆ ಎಂದು ನನಗೆ ತಿಳಿದದ್ದು ಆಮೇಲೆ...

ಪ್ರತಿ ಹೊಸ ಪರೀಕ್ಷೆಯನ್ನೂ ಹುಡುಗಿಯರಿಗೆ ತೆರೆಯುವ ಮೊದಲು ಮೇಡಂ ತಾವೇ ವಿದ್ಯಾರ್ಥಿಯಂತೆ ಕೂತು ಬರೆಯುತ್ತಿದ್ದರು. ತಪ್ಪು ಪ್ರಶ್ನೆ, ದಾರಿ ತಪ್ಪಿಸುವ ಪ್ರಶ್ನೆ ಅಲ್ಲೇ ಸಿಗುತ್ತಿದ್ದವು. ಕೊನೆಯದನ್ನು ಆಸ್ಪತ್ರೆಯ ಹಾಸಿಗೆಯಲ್ಲಿ, ತಂಗಿಯ ಫೋನಿನಲ್ಲಿ ಶುರು ಮಾಡಿದ್ದರು. ನಡುವೆ ತಂಗಿ, ಯಾರೋ ಹೊಸ ಹುಡುಗಿಯ ಹೆಸರು ಸೇರಿಸಬೇಕೆಂದು ತನ್ನ ಹೆಸರು ಹಾಕಿ ಒಳಗೆ ಬಂದರಂತೆ. ಮೇಡಂ ಪರೀಕ್ಷೆ ಪಕ್ಕಕ್ಕೆ ಸರಿದು ಕೂತಿತು. “ಆಮ್ಯಾಲೆ ಮುಗಸ್ತೀನಿ ಬಿಡು,” ಎಂದು ಮಲಗಿದವರು ಮತ್ತೆ ಫೋನ್ ಕೇಳಲಿಲ್ಲ.

ಮೊನ್ನೆ ಬಸ್ಸು ಬಂದಾಗ ಕೂಡ್ಲಿಗಿಗೆ ಹೋಗದೆ ಕೊಟ್ಟೂರಿನದನ್ನು ಹತ್ತಿದೆ. ಇನ್‌ಸ್ಟಿಟ್ಯೂಟನ್ನು ಮೇಡಂ ಹೋದಮೇಲೆ ತಂಗಿಯೇ ನೋಡಿಕೊಳ್ಳುತ್ತಾರೆ. ಸರಿದು ಜಾಗ ಕೊಡುವ ಮೇಡಂ ಮಾತನ್ನು ಅವರಿಗೆ ನೆನಪಿಸಿದೆ. “ಆಪಾ ಹಂಗಂದಿರ್ಲಿಕ್ಕಿಲ್ರಿ. ಆ ಮಾತು ನಮ್ಮ ಅಮ್ಮಂದು,” ಎಂದರು. ಅಕ್ಕನನ್ನು ಅವರು ಆಪಾ ಎಂದೇ ಕರೆಯುತ್ತಿದ್ದರು. ಇರಬಹುದು. ಅವರ ತಾಯಿಯನ್ನು ನಾನು ಕಂಡದ್ದೇ ಇಲ್ಲ, ಅವರ ಬಾಯಿಂದ ಕೇಳಿರಲಾರೆ, ಆದರೂ ವಾದಿಸಲಿಲ್ಲ.

ತಮ್ಮ ಫೋನ್ ತೆಗೆದು ತೋರಿಸಿ ಕೇಳಿದರು: “ಆಪಾಂದು ಆ ಪರೀಕ್ಷಾ ಹಂಗ ಅರ್ಧಕ್ಕ ನಿಂತೈತಿ. ಹುಡುಗ್ಯಾರು ಕೇಳಾಕತ್ಯಾರ. ಆಕಿ ಹೆಸರಿನ್ಯಾಗ ನಾನು ಮುಗಿಸ್ಲೇನ್ರಿ?”

“ಪಿನ್ ಗೊತ್ತೈತೇನ್ರಿ?”

“ಯಾರಿಗೂ ಹೇಳಿಲ್ರಿ.”

ಪಿನ್ ಇಲ್ಲದೆಯೂ ಪ್ರೋಗ್ರಾಂ ಒಳಗಿನಿಂದ ಅದನ್ನು ತೆಗೆಯುವುದು ನನಗೆ ಕಷ್ಟವೇನಲ್ಲ. ಹಾಗೆಂದು ಅವರಿಗೂ ಹೇಳಿದೆ. ಅವರು ಫೋನನ್ನು ಮಗುಚಿ ಮೇಜಿನ ಮೇಲಿಟ್ಟರು.

“ಬ್ಯಾಡ್ರಿ. ಆಕಿ ಬರದಿದ್ದು ಆಕಿದ.”

ಆ ಸಂಜೆ ಪರೀಕ್ಷೆಯನ್ನು ಹುಡುಗಿಯರಿಗೆ ತೆರೆದೆವು. ಮೇಡಂ ಮೊದಲು ಪೂರ್ತಿ ಬರೆದು ನೋಡದೆ ತೆರೆದದ್ದು ಅದೊಂದೇ. ತಪ್ಪು ಪ್ರಶ್ನೆ ಇತ್ತೋ ಇಲ್ಲವೋ, ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.