ತೆರೆಯ ಮೇಲಿನ ಬಾದಾಮಿ ಕಂಬಗಳು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ಊರು ಇಲಕಲ್ಲು. ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದ ಹುನಗುಂದದ ಗೆಳೆಯನೂ ನಾನೂ ಸೇರಿ ಒಂದು ಪ್ರಾಜೆಕ್ಟ್ ಹಿಡಿದೆವು. ಬಾದಾಮಿಯ ಗುಹೆಯೊಂದರ ಕಂಬಗಳನ್ನು ಬರೀ ಗೆರೆಗಳಲ್ಲಿ ಕಂಪ್ಯೂಟರಿನ ತೆರೆಯ ಮೇಲೆ ಬಿಡಿಸಬೇಕು. ಕೀಲಿ ಒತ್ತಿದಂತೆಲ್ಲ ನೋಡುವವನು ಒಳಗೆ ನಡೆದುಹೋದಂತೆ ಕಾಣಬೇಕು.

ಗೆರೆ ಎಳೆಯಲು ಗ್ರಾಫಿಕ್ಸ್ ಲೈಬ್ರರಿ ಎಂಬ ಸಿದ್ಧ ಪ್ರೋಗ್ರಾಮು ಇತ್ತು. ಎರಡು ಬಿಂದು ಕೊಟ್ಟರೆ ನಡುವೆ ಗೆರೆ ಎಳೆಯುತ್ತಿತ್ತು, ಅಷ್ಟೇ. ದೂರವೆಂಬುದು ಅದಕ್ಕೆ ಗೊತ್ತಿರಲಿಲ್ಲ. ಪ್ರತಿ ಬಿಂದುವಿನ ಅಗಲ, ಎತ್ತರಗಳನ್ನು ಕಣ್ಣಿನಿಂದ ಅದಕ್ಕಿರುವ ದೂರದಿಂದ ಭಾಗಿಸಿ ನಾವೇ ಕೊಡಬೇಕು. ಆಗ ದೂರದ ಕಂಬ ತಾನಾಗಿ ಚಿಕ್ಕದಾಗುತ್ತದೆ.

ಮೊದಲ ಸಲ ಗುಹೆ ತಲೆಕೆಳಗಾಗಿ ಮೂಡಿತು. ಅದನ್ನು ಬೇಗ ಸರಿಪಡಿಸಿದೆವು. ಆದರೆ ಮೊದಲ ಕಂಬ ದಾಟಿದೊಡನೆ ಎಲ್ಲಿಂದಲೋ ಒಂದು ಗೆರೆ ಬಂದು ತೆರೆಯನ್ನು ಅಡ್ಡಡ್ಡ ಸೀಳುತ್ತಿತ್ತು. ಅದು ಹೇಗೂ ಹೋಗಲೊಲ್ಲದು. ಗ್ರಾಫಿಕ್ಸ್ ತೋರಿಸುವ ಯಂತ್ರ ಲ್ಯಾಬಿನಲ್ಲಿ ಒಂದೇ. ನಮ್ಮ ಸರದಿ ಬರುವಷ್ಟರಲ್ಲಿ ಕರೆಂಟ್ ಹೋಗುತ್ತಿತ್ತು. ನಾನು ಮೆಸ್ಸಿನಲ್ಲಿ ರೊಟ್ಟಿ ಮುರಿದಿಟ್ಟು ಎದ್ದುಬಿಡುತ್ತಿದ್ದೆ. ಓದಲು ಕೂತರೆ ಕಾಲು ತಾನೇ ಅಲ್ಲಾಡುತ್ತಿತ್ತು. ಗೆಳೆಯನ ನೆಮ್ಮದಿ ಕಂಡರೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ರೇಗಿಬಿಟ್ಟೆ. "ಈ ಗೆರಿ ಹೋದ್ರೂ ಏನ್ ಬಂತಲೇ? ಎಲ್ಲಾ ಚಪ್ಪಟಿ ಕಾಣತೈತಿ. ಆಳ ಎಲ್ಲೈತಿ ಇದರಾಗ?"

ಅವನು ತೆರೆ ನೋಡುತ್ತಲೇ ಹೇಳಿದ, "ನನಗ ಖರೇ ಗುಹಾನೂ ಹಿಂಗ ಕಾಣತೈತಿ."

"ಹಂಗಂದ್ರ?"

"ಎಡಗಣ್ಣು ಕಾಣಂಗಿಲ್ಲ ನನಗ. ಸಣ್ಣಾಂವ ಇದ್ದಾಗ ಚಿಣ್ಣಿ-ದಾಂಡು ಆಡೂಮುಂದ ಚಿಣ್ಣಿ ಬಡದಿತ್ತು."

ಒಂದೇ ಕೋಣೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ಕಂಬಗಳ ಅಳತೆಗೆಂದು ಹೋಗಿದ್ದಾಗ ಬಾದಾಮಿಯ ಮೆಟ್ಟಿಲುಗಳನ್ನು ಅವನು ಗೋಡೆ ಹಿಡಿದು ಇಳಿದಿದ್ದು, ನೀರು ಹಾಕುವಾಗ ತಂಬಿಗೆಯನ್ನು ಲೋಟದ ಅಂಚಿಗೆ ತಾಗಿಸುತ್ತಿದ್ದುದು ಆಗ ನೆನಪಾಯಿತು.

"ಮತ್ತ ದೂರ ಹೆಂಗ ತಿಳೀತೈತಿ?"

"ತಲಿ ಅಲ್ಲಾಡಿಸ್ತೇನಿ. ಸಮೀಪದ್ದು ಜಾಸ್ತಿ ಸರೀತೈತಿ, ದೂರಿಂದು ಕಮ್ಮಿ."

ಆ ಶನಿವಾರ ಇಬ್ಬರೂ ಊರಿಗೆ ಹೊರಟೆವು. ಬಸ್ಸಿನಲ್ಲಿ ನಾನು ಒಂದು ಕಣ್ಣು ಮುಚ್ಚಿಕೊಂಡು ಕಿಟಕಿಯಾಚೆ ನೋಡುತ್ತ ಕೂತೆ. ದಾಟಿಹೋದ ಬೇವಿನ ಗಿಡಗಳು ಮತ್ತೆ ಕಾಣುತ್ತಿರಲಿಲ್ಲ. ನಮ್ಮ ಪ್ರೋಗ್ರಾಮಿನಲ್ಲಿ ಮಾತ್ರ ದಾಟಿದ ಕಂಬದ ಲೆಕ್ಕ ನಡೆದೇ ಇತ್ತು. ಬೆನ್ನ ಹಿಂದಿನ ಬಿಂದುವಿಗೆ ದೂರ ಋಣಸಂಖ್ಯೆ. ಭಾಗಿಸಿದರೆ ಅದು ತಿರುಗುಮುರುಗಾಗಿ ಮುಂದೆ ಬೀಳುತ್ತದೆ! ತೆರೆ ಸೀಳುವ ಗೆರೆ ಅದೇ. ಹುನಗುಂದದಲ್ಲಿ ಗೆಳೆಯ ಇಳಿದಾಗ ಇಲಕಲ್ಲಿಗೆ ಹೋಗಬೇಕಿದ್ದ ನಾನೂ ಇಳಿದು, ಸ್ಟ್ಯಾಂಡಿನ ಮಣ್ಣಿನಲ್ಲಿ ಕಡ್ಡಿಯಿಂದ ಗೀಚಿ ತೋರಿಸಿದೆ.

"ಗೆರಿ ಕಣ್ಣಿನ ಮುಂದ ಕತ್ತರಿಸಬೇಕಲೇ, ಬೆನ್ನ ಹಿಂದ ಉಳಿದದ್ದು ಬಿಡಬೇಕು!"

"ಬಸ್ ಹೊಂಟಿತು ನೋಡು ನಿಂದು," ಎಂದ ಅವನು. ಬಸ್ಸು ಹೋಗಿಯೇಬಿಟ್ಟಿತ್ತು. ಅವನ ಮನೆಯಲ್ಲಿ ಊಟ ಮಾಡುವಾಗಲೂ ನನಗೆ ಸೋಮವಾರದ್ದೇ ಚಡಪಡಿಕೆ.

ಸೋಮವಾರ ಆ ಗೆರೆ ಹೋಯಿತು. ಗೆಳೆಯ ತೆರೆಯ ಮುಂದೆ ತಲೆ ಅಲ್ಲಾಡಿಸಿದ, ಕಂಬಗಳು ಕದಲಲಿಲ್ಲ. ಎಡಕ್ಕೂ ಬಲಕ್ಕೂ ಸರಿಯುವ ಕೀಲಿ ಬೇಕೆಂದು ಪಟ್ಟು ಹಿಡಿದ. ಬರೆದೆವು. ಒತ್ತಿದರೆ ಹತ್ತಿರದ ಕಂಬ ಹೆಚ್ಚು ಸರಿಯಿತು, ಹಿಂದಿನದು ಕಡಿಮೆ. ಚಪ್ಪಟೆ ಗಾಜಿನ ಒಳಗೆ ಗುಹೆ ನನಗೂ ಕಂಡಿತು.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು, "ಈ ಎರಡು ಕೀಲಿ ಯಾಕ್ರಿ?" ಎಂದರು. ನಾನು ಗೆಳೆಯನ ಕಡೆ ನೋಡಿದೆ.

"ನನಗ ಒಂದ ಕಣ್ಣರೀ ಸರ. ನನ್ನ ಸಲುವಾಗಿ," ಎಂದು ಗೆಳೆಯ ಕೀಲಿ ಒತ್ತಿದ.